ದೂರಮೇಳ: ಅಂತರ್ಜಾಲದ ಮೂಲಕ ಕೂಡಿ ನುಡಿಸುವ ಸಂಗೀತ

ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ಇರುವ ಗಾಯಕರು, ವಾದಕರು, ಸಂಯೋಜಕರು ಡಿಜಿಟಲ್ ಸಂಪರ್ಕದ ನೆರವಿನಿಂದ ಒಂದೇ ಕೃತಿಯನ್ನು ಕಟ್ಟುವ ಅಥವಾ ನುಡಿಸುವ ಕ್ರಮವನ್ನು ಈ ಲೇಖನದಲ್ಲಿ ದೂರಮೇಳ ಎಂದು ಕರೆಯಲಾಗಿದೆ. ಇದರಲ್ಲಿ ಎರಡು ಬಗೆಗಳಿವೆ. ಎಲ್ಲರೂ ಒಂದೇ ಹೊತ್ತಿನಲ್ಲಿ, ಒಬ್ಬರನ್ನೊಬ್ಬರು ಕೇಳುತ್ತ ನುಡಿಸುವುದು ಒಂದು. ಒಬ್ಬರು ತಮ್ಮ ಪಾಲನ್ನು ಮುದ್ರಿಸಿ ಕಳಿಸಿದ ಮೇಲೆ ಮತ್ತೊಬ್ಬರು ತಮ್ಮ ಬಿಡುವಿನಲ್ಲಿ ಅದರ ಮೇಲೆ ತಮ್ಮ ಪಾಲನ್ನು ಸೇರಿಸುವುದು ಇನ್ನೊಂದು. ಎರಡನೆಯದು ಇಂದು ಜಗತ್ತಿನ ಸಂಗೀತೋದ್ಯಮದ ದಿನನಿತ್ಯದ ರೂಢಿ. ಮೊದಲನೆಯದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಮೊದಲನೆಯದರ ತೊಡಕು ಇರುವುದು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಭೂಮಿಯ ಅಳತೆಯಲ್ಲಿ ಮತ್ತು ಬೆಳಕಿನ ವೇಗದಲ್ಲಿ. ಮನೋಧರ್ಮವನ್ನೇ, ಅಂದರೆ ಆ ಕ್ಷಣದಲ್ಲೇ ಹೊಸದಾಗಿ ಕಟ್ಟುವುದನ್ನೇ ನಂಬಿರುವ ಭಾರತೀಯ ಸಂಗೀತಕ್ಕೆ ಈ ತೊಡಕು ಗಾಢವಾಗಿ ತಟ್ಟುತ್ತದೆ.

ತಡ ಎಂಬ ತೊಡಕು

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದು ಮೀಟರ್ ಕ್ರಮಿಸಲು ಅದಕ್ಕೆ ಹತ್ತಿರಹತ್ತಿರ 3 ಮಿಲಿಸೆಕೆಂಡ್ ಬೇಕು. ಕಛೇರಿಯಲ್ಲಿ ಹಾಡುವವರಿಗೂ ಮೃದಂಗದವರಿಗೂ ನಡುವೆ ಒಂದೂವರೆ ಮೀಟರ್ ಅಂತರವಿದೆ ಎಂದುಕೊಂಡರೆ ದನಿ ಮೃದಂಗದವರ ಕಿವಿ ಮುಟ್ಟಲು 4ರಿಂದ 5 ಮಿಲಿಸೆಕೆಂಡ್ ಹಿಡಿಯುತ್ತದೆ. ಇಷ್ಟು ಸಣ್ಣ ತಡ ಯಾರಿಗೂ ಗೊತ್ತಾಗುವುದಿಲ್ಲ. ಪಾಶ್ಚಾತ್ಯ ವಾದ್ಯವೃಂದದಲ್ಲಿ ವೇದಿಕೆಯ ಎರಡು ತುದಿಗಳ ನಡುವೆ ಹತ್ತು ಹದಿನೈದು ಮೀಟರ್ ಅಂತರವಿರುತ್ತದೆ, ಅಲ್ಲಿ ತಡ 30ರಿಂದ 45 ಮಿಲಿಸೆಕೆಂಡಿಗೆ ಏರುತ್ತದೆ. ಅಷ್ಟು ದೊಡ್ಡ ಮೇಳದವರು ಕಿವಿಯನ್ನಷ್ಟೇ ನಂಬಿ ನುಡಿಸಲಾರರು. ಎಲ್ಲರ ಕಣ್ಣಿಗೂ ಬೀಳುವಂತೆ ಎದುರಿಗೆ ನಿಂತು ನಡೆ ತೋರುವ ನಿರ್ದೇಶಕ ಅವರಿಗೆ ಬೇಕೇಬೇಕು.

ಮನುಷ್ಯರು ಎಷ್ಟು ತಡವನ್ನು ತಾಳಿಕೊಂಡು ಕೂಡಿ ನುಡಿಸಬಲ್ಲರು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಸಂಗಡಿಗರು 2000ದ ದಶಕದಲ್ಲಿ ಇದನ್ನು ಚಪ್ಪಾಳೆಯಿಂದಲೇ ಅಳೆದರು. ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ಬೇಕೆಂದಷ್ಟು ತಡವಾಗಿ ಕೇಳುವಂತೆ ಮಾಡಿದರು. ತಡ ಸುಮಾರು 11 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದಾಗ ಜೋಡಿಗಳು ತಮಗೇ ತಿಳಿಯದಂತೆ ವೇಗ ಹೆಚ್ಚಿಸಿಕೊಂಡವು. ಅದಕ್ಕಿಂತ ಹೆಚ್ಚಾದಾಗ ನಡೆ ನಿಧಾನವಾಗುತ್ತ ಬಂತು. 25ರಿಂದ 30 ಮಿಲಿಸೆಕೆಂಡಿನಾಚೆ ಕಾಲಪ್ರಮಾಣವನ್ನು ಕಾಯ್ದುಕೊಳ್ಳುವುದು ಬಹಳ ಕಷ್ಟವಾಯಿತು. ಇದಕ್ಕೆ ಕಾರಣ ಸರಳವಾಗಿದೆ. ನಾನು ನಿಮ್ಮ ಪೆಟ್ಟನ್ನು ತಡವಾಗಿ ಕೇಳಿ ಅದಕ್ಕೆ ಹೊಂದಿಕೊಳ್ಳುತ್ತೇನೆ; ಹಾಗೆ ಹೊಂದಿಕೊಂಡ ನನ್ನ ಪೆಟ್ಟು ನಿಮಗೆ ಇನ್ನಷ್ಟು ತಡವಾಗಿ ತಲುಪುತ್ತದೆ; ನೀವೂ ಕಾಯುತ್ತೀರಿ. ಇಬ್ಬರೂ ಪರಸ್ಪರ ಮರ್ಯಾದೆಯಿಂದ ಕಾಯುತ್ತ ಕಾಯುತ್ತ ಲಯ ಕುಸಿಯುತ್ತದೆ. ಇಲ್ಲಿ ತಪ್ಪು ಯಾರದೂ ಅಲ್ಲ. ಚೆನ್ನಾಗಿ ಕೇಳಿಸಿಕೊಂಡು ನುಡಿಸುವ ಅಭ್ಯಾಸವಿರುವವರೇ ಇದರಲ್ಲಿ ಬೇಗ ಸಿಕ್ಕಿಬೀಳುತ್ತಾರೆ ಎನ್ನುವುದು ಬೇಸರದ ಸಂಗತಿ.

ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿ.ಮೀ. ಓಡುತ್ತದೆ. ಅಂದರೆ 1,000 ಕಿ.ಮೀ.ಗೆ 5 ಮಿಲಿಸೆಕೆಂಡ್. ಈ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಒಂದು ಮಿಲಿಸೆಕೆಂಡೂ ಬೇಡ, ಧಾರವಾಡಕ್ಕೆ ಎರಡಕ್ಕಿಂತ ತುಸು ಹೆಚ್ಚು, ಮುಂಬೈಗೆ ಐದರ ಸುಮಾರು. ಲಂಡನ್ನಿಗೆ 40, ಸ್ಯಾನ್ ಫ್ರಾನ್ಸಿಸ್ಕೊಗೆ 70 ಮಿಲಿಸೆಕೆಂಡ್ ಕನಿಷ್ಠ ಬೇಕು. ಕೇಬಲ್ಲುಗಳು ನೇರ ದಾರಿಯಲ್ಲಿ ಹೋಗುವುದಿಲ್ಲ, ನಡುವೆ ಹತ್ತಾರು ರೂಟರುಗಳನ್ನು ದಾಟಬೇಕು. ಹೀಗಾಗಿ ಕ್ಯಾಲಿಫೋರ್ನಿಯಾದೊಂದಿಗಿನ ತಡ ನಿಜದಲ್ಲಿ ಒಂದು ದಿಕ್ಕಿಗೇ 100 ಮಿಲಿಸೆಕೆಂಡನ್ನು ದಾಟುತ್ತದೆ. ಯಂತ್ರಗಳನ್ನು ಎಷ್ಟೇ ಸುಧಾರಿಸಿದರೂ ಗಾಜಿನ ತಂತುವಿನಲ್ಲಿ ಆ 70ನ್ನು ಕಡಿಮೆ ಮಾಡಲಾಗದು.

ಹತ್ತಿರದ ಊರುಗಳ ಕಥೆ ಬೇರೆ. ಅಲ್ಲಿ ಕಾಲವನ್ನು ತಿನ್ನುವುದು ದೂರವಲ್ಲ, ಮನೆಯೊಳಗಿನ ಸಲಕರಣೆ. ಮೈಕಿನ ಸದ್ದನ್ನು ಅಂಕಿಗಳಾಗಿಸುವ ಸೌಂಡ್ ಕಾರ್ಡ್ ಒಂದಿಷ್ಟು ಮಾದರಿಗಳನ್ನು ಬಫರಿನಲ್ಲಿ ಕೂಡಿಹಾಕಿಕೊಂಡೇ ಮುಂದಕ್ಕೆ ಕಳಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 128 ಮಾದರಿಗಳ ಬಫರ್ ಎಂದರೆ 2.7 ಮಿಲಿಸೆಕೆಂಡ್; 512 ಎಂದರೆ 10ಕ್ಕೂ ಹೆಚ್ಚು. ಜಾಲದಲ್ಲಿ ಸದ್ದಿನ ಮಾಹಿತಿಯನ್ನು ಹೊತ್ತ ಪೊಟ್ಟಣಗಳು ಸಮನಾದ ಅಂತರದಲ್ಲಿ ಬರುವುದಿಲ್ಲ. ಆ ಏರುಪೇರನ್ನು ನುಂಗಲು ಕೇಳುವ ತುದಿಯಲ್ಲಿ ಮತ್ತೊಂದು ಬಫರ್ ಬೇಕು. ಮನೆಯ ವೈಫೈ ಈ ಏರುಪೇರನ್ನು ಹೆಚ್ಚಿಸುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರಂತೂ ಅದೊಂದೇ 100 ಮಿಲಿಸೆಕೆಂಡಿಗೂ ಮೀರಿ ತಡ ಸೇರಿಸಬಹುದು. ಸೆಕೆಂಡಿಗೆ 30 ಚೌಕಟ್ಟು ಹಿಡಿಯುವ ಕ್ಯಾಮೆರಾದಲ್ಲಿ ಒಂದು ಚೌಕಟ್ಟಿಗೇ 33 ಮಿಲಿಸೆಕೆಂಡ್ ಹೋಗುತ್ತದೆ. ಆದ್ದರಿಂದ ಪರದೆಯಲ್ಲಿ ಕಾಣುವ ಕೈತಾಳವನ್ನು ನಂಬಿ ನುಡಿಸುವವರು ದಾರಿ ತಪ್ಪುವುದು ಖಚಿತ.

ಎರಡು ತುದಿಯ ಯಂತ್ರಗಳ ಗಡಿಯಾರಗಳು ಹೊಂದದಿರುವುದು ಇದಕ್ಕಿಂತ ಸೂಕ್ಷ್ಮವಾದ ತೊಂದರೆ. ಎರಡೂ ಸೌಂಡ್ ಕಾರ್ಡುಗಳು ಸೆಕೆಂಡಿಗೆ 48,000 ಮಾದರಿ ಎಂದು ಹೇಳಿಕೊಂಡರೂ ಅವುಗಳ ಗಡಿಯಾರದ ಹರಳುಗಳ ನಡುವೆ ಹತ್ತು ಲಕ್ಷಕ್ಕೆ ಕೆಲವು ಪಾಲಿನ ವ್ಯತ್ಯಾಸವಿರುತ್ತದೆ. 50 ಪಾಲು ವ್ಯತ್ಯಾಸವಿದ್ದರೆ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಕೂಡುತ್ತದೆ. ತಂತ್ರಾಂಶ ಇದನ್ನು ಆಗಾಗ ಸರಿಪಡಿಸದಿದ್ದರೆ ಸದ್ದಿನಲ್ಲಿ ಟಕ್ ಟಕ್ ಎಂಬ ಒಡಕು ಕೇಳಿಸುತ್ತದೆ.

ಹಿಂದಿನ ಯತ್ನಗಳು

ಸಂಗೀತವನ್ನು ತಂತಿಯ ಮೇಲೆ ಕಳಿಸುವ ಆಸೆ ದೂರವಾಣಿಯಷ್ಟೇ ಹಳೆಯದು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅಡೇರ್ ದೂರವಾಣಿ ತಂತಿಯ ಮೂಲಕ ಒಪೆರಾವನ್ನು ಕೇಳಿಸಿದ. 1906ರಲ್ಲಿ ನ್ಯೂಯಾರ್ಕಿನಲ್ಲಿ ಥಾಡಿಯಸ್ ಕ್ಯಾಹಿಲ್ ತನ್ನ ಟೆಲ್‌ಹಾರ್ಮೋನಿಯಂ ಎಂಬ ಭಾರೀ ವಿದ್ಯುತ್ ವಾದ್ಯವನ್ನು ಒಂದೆಡೆ ನುಡಿಸಿ ತಂತಿಯ ಮೂಲಕ ಬೇರೆಡೆಗೆ ತಲುಪಿಸಿದ. ಇವೆರಡೂ ಒಂದೇ ದಿಕ್ಕಿನವು. ಆ ತುದಿಯಲ್ಲಿದ್ದವರು ಕೇಳಬಹುದಿತ್ತೇ ಹೊರತು ಜೊತೆಗೂಡುವಂತಿರಲಿಲ್ಲ.

ಉಪಗ್ರಹಗಳು ಬಂದ ಮೇಲೆ ಎರಡೂ ದಿಕ್ಕಿನ ಆಸೆ ಚಿಗುರಿತು. ಆದರೆ ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿರುವುದರಿಂದ ಸಂಕೇತ ಹೋಗಿ ಇಳಿಯಲು ಸುಮಾರು ಕಾಲು ಸೆಕೆಂಡ್ ಬೇಕು. 1985ರ ಜುಲೈ 13ರ ಲೈವ್ ಏಡ್ ಕಾರ್ಯಕ್ರಮದಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಿಂದ ಡೇವಿಡ್ ಬೋವಿ ಮತ್ತು ಮಿಕ್ ಜಾಗರ್ ಜೋಡಿಯಾಗಿ ಹಾಡಬೇಕೆಂಬ ಯೋಜನೆಯಿತ್ತು. ಈ ತಡದಿಂದಾಗಿ ಅದನ್ನು ಕೈಬಿಟ್ಟು, ಮೊದಲೇ ಚಿತ್ರಿಸಿದ ಹಾಡನ್ನು ತೋರಿಸಬೇಕಾಯಿತು. 1998ರ ಫೆಬ್ರವರಿಯಲ್ಲಿ ಜಪಾನಿನ ನಾಗಾನೊ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸೀಜಿ ಒಜಾವಾ ನಿರ್ದೇಶಿಸಿದ ಬೇಥೊವೆನ್‌ನ ಒಂಬತ್ತನೆಯ ಸಿಂಫನಿಗೆ ಬೀಜಿಂಗ್, ಸಿಡ್ನಿ, ಬರ್ಲಿನ್, ನ್ಯೂಯಾರ್ಕ್ ಮತ್ತು ದಕ್ಷಿಣ ಆಫ್ರಿಕಾದ ವೃಂದಗಳು ದನಿಗೂಡಿಸಿದವು. ಅಲ್ಲಿ ಪ್ರತಿ ಊರಿನ ತಡವನ್ನೂ ಅಳೆದು, ಎಲ್ಲವನ್ನೂ ಸರಿದೂಗಿಸಿ ಪ್ರೇಕ್ಷಕರಿಗೆ ಒಟ್ಟಾಗಿ ಕೇಳಿಸಲಾಯಿತು. ಹಾಡಿದವರು ಪರಸ್ಪರ ಕೇಳಿಕೊಂಡು ಹಾಡಲಿಲ್ಲ, ಎಲ್ಲರೂ ನಾಗಾನೊವನ್ನು ಅನುಸರಿಸಿದರು. ಅಂದಿನ ಆ ಉಪಾಯ ಇಂದಿಗೂ ದೊಡ್ಡ ಪ್ರಮಾಣದ ದೂರಮೇಳಗಳ ಆಧಾರ.

ಕಂಪ್ಯೂಟರ್ ಸಂಗೀತಗಾರರು ಇನ್ನೊಂದು ದಾರಿ ಹಿಡಿದರು. ಅಮೆರಿಕದ ‘ದ ಹಬ್’ ತಂಡ 1987ರಲ್ಲಿ ನ್ಯೂಯಾರ್ಕಿನ ಎರಡು ಸ್ಥಳಗಳಲ್ಲಿ ಕುಳಿತು, ಮೋಡೆಮ್ ಮೂಲಕ ಸದ್ದನ್ನಲ್ಲ, ಸದ್ದನ್ನು ಹುಟ್ಟಿಸುವ ಮಾಹಿತಿಯನ್ನು ಹಂಚಿಕೊಂಡು ನುಡಿಸಿತು. 1983ರಲ್ಲಿ ಬಂದ ಮಿಡಿ ಎಂಬ ಮಾನದಂಡ ಇಂಥ ಕೆಲಸಗಳಿಗೆ ಅನುವು ಮಾಡಿಕೊಟ್ಟಿತು. ಯಾವ ಸ್ವರ, ಎಷ್ಟು ಜೋರು, ಯಾವಾಗ ಎಂಬಿಷ್ಟನ್ನೇ ಕಳಿಸಿದರೆ ನಿಧಾನಗತಿಯ ದೂರವಾಣಿ ತಂತಿಯೂ ಸಾಕಾಗುತ್ತಿತ್ತು. ಆದರೆ ನಮ್ಮ ಗಮಕಗಳು ಆ ಸಂಕೇತಗಳಲ್ಲಿ ಸರಿಯಾಗಿ ಕೂರಲಿಲ್ಲ. ಎರಡು ಸ್ವರಗಳ ನಡುವಿನ ಜಾರು, ಕಂಪಿತದ ಆಳ ಇವೆಲ್ಲ ಕೀಬೋರ್ಡಿನ ಒತ್ತು ಬಿಡುಗಳ ಲೆಕ್ಕಕ್ಕೆ ದಕ್ಕುವಂಥವಲ್ಲ.

ಜಾಲ ಬಲಿತ ಮೇಲಿನ ಉಪಾಯಗಳು

ಸ್ಟ್ಯಾನ್‌ಫರ್ಡಿನ ಚೇಫ್ ಮತ್ತು ಹುವಾನ್ ಪಾಬ್ಲೊ ಕಾಸೆರೆಸ್ ರೂಪಿಸಿದ ‘ಜ್ಯಾಕ್‌ಟ್ರಿಪ್’ ಸದ್ದನ್ನು ಕುಗ್ಗಿಸದೆ ಹಾಗೆಯೇ ಕಳಿಸುತ್ತದೆ. ಕುಗ್ಗಿಸಲು ತಗಲುವ ಹೊತ್ತು ಉಳಿಯುತ್ತದೆ, ಬದಲಿಗೆ ಒಳ್ಳೆಯ ತಂತಿ ಸಂಪರ್ಕ ಬೇಕಾಗುತ್ತದೆ. ಕಳೆದುಹೋದ ಪೊಟ್ಟಣವನ್ನು ಮತ್ತೆ ಕೇಳುತ್ತ ಕೂರುವುದಿಲ್ಲ. ತಡವಾಗಿ ಬಂದ ಸ್ವರದಿಂದ ಯಾರಿಗೂ ಪ್ರಯೋಜನವಿಲ್ಲವಲ್ಲ. ಜರ್ಮನಿಯ ವೋಲ್ಕರ್ ಫಿಶರ್ 2006ರಿಂದ ಬೆಳೆಸಿದ ‘ಜಾಮುಲಸ್’ ಸದ್ದನ್ನು ಕುಗ್ಗಿಸಿ ಒಂದು ಸರ್ವರಿಗೆ ಕಳಿಸಿ, ಅಲ್ಲಿ ಎಲ್ಲವನ್ನೂ ಬೆರೆಸಿ ಹಿಂದಿರುಗಿಸುತ್ತದೆ. ಸಾಧಾರಣ ಬ್ರಾಡ್‌ಬ್ಯಾಂಡಿಗೂ ಅದು ಒಗ್ಗುತ್ತದೆ. ಇವೆರಡೂ ಮುಕ್ತ ತಂತ್ರಾಂಶಗಳು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಟಲಿಯ ತ್ರಿಯೆಸ್ತೆ ನಗರದ ತಾರ್ತಿನಿ ಸಂಗೀತ ಶಾಲೆ ಅಲ್ಲಿನ ಸಂಶೋಧನಾ ಜಾಲ ‘ಗಾರ್’ ಜೊತೆ ಸೇರಿ ‘ಲೋಲಾ’ ಎಂಬ ವ್ಯವಸ್ಥೆಯನ್ನು ಕಟ್ಟಿತು. ವೇಗದ ಕ್ಯಾಮೆರಾ, ಕುಗ್ಗಿಸದ ಚಿತ್ರ, ವಿಶ್ವವಿದ್ಯಾಲಯಗಳನ್ನು ಬೆಸೆಯುವ ದಪ್ಪ ತಂತುಗಳು ಇವೆಲ್ಲ ಕೂಡಿ 2010ರಲ್ಲಿ ತ್ರಿಯೆಸ್ತೆ ಮತ್ತು ಪ್ಯಾರಿಸಿನ ನಡುವೆ ಪಿಯಾನೊ ಜೋಡಿ ವಾದನ ಸಾಧ್ಯವಾಯಿತು. ಒಂದು ಸಂಗೀತ ಶಾಲೆ ಮುಂದಾಳಾಗಿ ತಂತ್ರಜ್ಞರನ್ನು ಕರೆದು ತನಗೆ ಬೇಕಾದ್ದನ್ನು ಮಾಡಿಸಿಕೊಂಡ ಈ ಉದಾಹರಣೆಯನ್ನು ನಮ್ಮವರು ಗಮನಿಸಬೇಕು.

ತಡವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದ್ದು 2005ರ ‘ನಿಂಜಾಮ್’. ವಿನಾಂಪ್ ಎಂಬ ಹಾಡು ಕೇಳಿಸುವ ತಂತ್ರಾಂಶವನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಸಂಸ್ಥೆಯ ಕೃತಿ ಇದು. ಇಲ್ಲಿ ಎಲ್ಲರೂ ಮೊದಲೇ ಒಂದು ಸುತ್ತಿನ ಉದ್ದವನ್ನು ಒಪ್ಪಿಕೊಳ್ಳುತ್ತಾರೆ. ನಾನು ಈಗ ನುಡಿಸುತ್ತಿರುವಾಗ ನನಗೆ ಕೇಳುವುದು ಇತರರು ಹಿಂದಿನ ಸುತ್ತಿನಲ್ಲಿ ನುಡಿಸಿದ್ದು. ಪ್ರತಿಯೊಬ್ಬರಿಗೂ ಬೇರೆಯದೇ ಸಂಗೀತ ಕೇಳಿಸಿದರೂ ಯಾರ ಲಯವೂ ಕೆಡುವುದಿಲ್ಲ. ಆವರ್ತದ ಲೆಕ್ಕದಲ್ಲಿ ಯೋಚಿಸುವ ನಮ್ಮ ತಾಳಪದ್ಧತಿಗೆ ಇದು ಪಾಶ್ಚಾತ್ಯ ಪಾಪ್ ಸಂಗೀತಕ್ಕಿಂತ ಸಹಜವಾಗಿ ಒಗ್ಗುತ್ತದೆ. ನಿಮಿಷಕ್ಕೆ 80 ಅಕ್ಷರಗಳ ನಡೆಯ ಆದಿತಾಳದ ಒಂದಾವರ್ತಕ್ಕೆ 6 ಸೆಕೆಂಡ್. ಪ್ರಶ್ನೋತ್ತರ ಮಾದರಿಯ ಸ್ವರಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಉತ್ತರ ಒಂದಾವರ್ತದ ಬಳಿಕವೇ ಬರಬೇಕಾದ್ದಲ್ಲವೆ?

ಶ್ರುತಿ, ಲಯ, ಮನೋಧರ್ಮ

ಕಛೇರಿಯ ಎಲ್ಲ ಅಂಗಗಳಿಗೂ ತಡ ಒಂದೇ ರೀತಿ ತೊಂದರೆ ಕೊಡುವುದಿಲ್ಲ. ದೂರಮೇಳದ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಬಹುಪಾಲು ಬರಹ ಪಾಶ್ಚಾತ್ಯ ಸಂಗೀತವನ್ನೇ ಎದುರಿಗಿಟ್ಟುಕೊಂಡದ್ದರಿಂದ ಈ ಅಂಶವನ್ನು ತುಸು ಬಿಡಿಸಿ ಹೇಳಬೇಕಾಗಿದೆ.

ಮೊದಲು ಶ್ರುತಿ. ಎರಡು ಊರುಗಳಲ್ಲಿ ಎರಡು ತಂಬೂರಿ ಮಿಡಿದರೆ ಎರಡರ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸವೂ ಅಲೆಯಲೆಯಾಗಿ ಕೇಳಿಸುತ್ತದೆ. ಎಲೆಕ್ಟ್ರಾನಿಕ್ ತಂಬೂರಿಯಿಂದ ಈ ತೊಡಕು ಬಹುಮಟ್ಟಿಗೆ ಕಳೆಯಿತು. ಈ ವಾದ್ಯವನ್ನು ಮನೆಮನೆಗೆ ಮುಟ್ಟಿಸಿದ್ದು ಬೆಂಗಳೂರೇ. ಎಂಜಿನಿಯರೂ ಕೊಳಲು ವಾದಕರೂ ಆಗಿದ್ದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ‘ರಾಡೆಲ್’ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿವಾದ್ಯಗಳನ್ನು ತಯಾರಿಸಲು ತೊಡಗಿದರು. ಈಗ ಅದೇ ಕೆಲಸವನ್ನು ಮೊಬೈಲ್ ಆ್ಯಪ್‌ಗಳು ಮಾಡುತ್ತವೆ. ಶ್ರುತಿ ಐದೂವರೆ ಮನೆ ಎಂದು ಒಪ್ಪಿಕೊಂಡು ಎರಡು ತುದಿಗಳಲ್ಲೂ ಒಂದೇ ಆ್ಯಪ್ ಹಚ್ಚಿ, ಮೈಕಿಗೆ ಒಂದೇ ತುದಿಯ ಶ್ರುತಿ ಹೋಗುವಂತೆ ನೋಡಿಕೊಂಡರೆ ಸಾಕು. ವಿಡಿಯೊ ಸಭೆಯ ತಂತ್ರಾಂಶಗಳ ಉಪದ್ರವ ಬೇರೆ. ಒಂದೇ ಸಮನೆ ಮಿಡಿಯುವ ಸದ್ದನ್ನು ಅವು ಫ್ಯಾನಿನ ಗೊರಗೊರವೆಂದು ತಿಳಿದು ಅಳಿಸಿಹಾಕುತ್ತವೆ, ಹೀಗೆ ತಂಬೂರಿ ಮಾಯವಾಗುತ್ತದೆ. ಇಬ್ಬರು ಒಟ್ಟಿಗೆ ದನಿಯೆತ್ತಿದರೆ ಒಬ್ಬರನ್ನು ತಗ್ಗಿಸುತ್ತವೆ. ಮಾತಿಗಾಗಿ ಕಟ್ಟಿದ ಯಂತ್ರಕ್ಕೆ ಸಂಗೀತದ ಅರಿವಿಲ್ಲ. 2020ರಲ್ಲಿ ಜೂಮ್ ಸಂಗೀತಕ್ಕೆಂದೇ ಒಂದು ಬಗೆಯ ಹೊಂದಾಣಿಕೆಯನ್ನು ಸೇರಿಸಿತು. ಅದನ್ನು ಆನ್ ಮಾಡುವುದನ್ನು ಕಲಿತ ಮೇಲೆ ಎಷ್ಟೋ ಗುರುಗಳಿಗೆ ಶಿಷ್ಯರ ನಿಜವಾದ ಶಾರೀರ ಕೇಳಿಸಿತು.

ಆಲಾಪನೆ ಸಾಗರವನ್ನು ದಾಟಬಲ್ಲದು. ಹಾಡುವವರನ್ನು ಪಿಟೀಲಿನವರು ನೆರಳಿನಂತೆ ಹಿಂಬಾಲಿಸುವುದೇ ನಮ್ಮ ಕ್ರಮ. ಆ ಹಿಂಬಾಲಿಕೆಯಲ್ಲೇ ಒಂದು ಸಹಜವಾದ ತಡವಿರುತ್ತದೆ. ಹಿಂದುಸ್ತಾನಿಯಲ್ಲಿ ಹಾರ್ಮೋನಿಯಂ ಸಾಥಿ ಮಾಡುವುದೂ ಹೀಗೆಯೇ. ತಾಳದ ಹಂಗಿಲ್ಲದ ಈ ಭಾಗದಲ್ಲಿ 100, 150 ಮಿಲಿಸೆಕೆಂಡ್ ಹೆಚ್ಚಾದರೂ ಕೇಳುಗರಿಗೆ ಕಸಿವಿಸಿ ಆಗುವುದಿಲ್ಲ. ಕೃತಿ ಶುರುವಾದ ಕೂಡಲೇ ಪರಿಸ್ಥಿತಿ ಬದಲಾಗುತ್ತದೆ. ನಿಮಿಷಕ್ಕೆ 60 ಅಕ್ಷರಗಳ ಸಮಾಧಾನದ ನಡೆಯಲ್ಲೂ ಚತುರಶ್ರ ನಡೆಯ ಒಂದೊಂದು ಮಾತ್ರೆಗೆ 250 ಮಿಲಿಸೆಕೆಂಡ್ ಸಿಗುತ್ತದೆ, ಎರಡನೆಯ ಕಾಲದಲ್ಲಿ 125, ಮೃದಂಗದ ಬಿರುಸಿನ ಸೊಲ್ಲುಗಳಲ್ಲಿ 62. ಅಲ್ಲಿ 30 ಮಿಲಿಸೆಕೆಂಡ್ ಎಂದರೆ ಒಂದು ಸೊಲ್ಲಿನ ಅರ್ಧ.

ವಿಳಂಬ ಲಯದ ಸಂಗೀತಕ್ಕೆ ಈ ಕಷ್ಟವಿಲ್ಲ ಎಂದು ಹಲವರು ಭಾವಿಸುತ್ತಾರೆ. ಧಾರವಾಡ, ಹುಬ್ಬಳ್ಳಿಯ ಗಾಯಕರು ಬೆಳೆಸಿದ ಬಡಾ ಖ್ಯಾಲ್‌ನಲ್ಲಿ ಏಕತಾಲದ ಒಂದೊಂದು ಮಾತ್ರೆ ಕೆಲವು ಸೆಕೆಂಡುಗಳಷ್ಟು ಹಿಗ್ಗುವುದು ನಿಜ. ಆದರೆ ಆ ಹಿಗ್ಗಿದ ಮಾತ್ರೆಯನ್ನು ತಬಲಾದವರು ಒಳಗೇ ಸಣ್ಣ ಸಣ್ಣ ಭಾಗಗಳಾಗಿ ತುಂಬುತ್ತಿರುತ್ತಾರೆ. ಸಮಕ್ಕೆ ಬಂದು ಸೇರುವ ಕ್ಷಣದ ಬಿಗಿ ದ್ರುತದಲ್ಲಿ ಇರುವಷ್ಟೇ ವಿಳಂಬದಲ್ಲೂ ಇದೆ. ದೂರಕ್ಕೆ ವಿಳಂಬ ಲಯ ಸ್ವಲ್ಪ ಅವಕಾಶ ಕೊಡುತ್ತದೆ, ಪೂರ್ತಿ ಬಿಡುಗಡೆ ಕೊಡುವುದಿಲ್ಲ.

ಹಾಡುವವರು ಬೆಂಗಳೂರಿನಲ್ಲಿ, ಮೃದಂಗದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದ್ದಾರೆ ಎನ್ನೋಣ. ಮೃದಂಗದವರು ತಮಗೆ ಕೇಳಿದ ಹಾಡಿಗೆ ಸರಿಯಾಗಿಯೇ ನುಡಿಸುತ್ತಾರೆ. ಅವರ ಕಡೆಯ ಶ್ರೋತೃಗಳಿಗೆ ಕಛೇರಿ ಬಿಗಿಯಾಗಿಯೇ ಕೇಳುತ್ತದೆ. ಆದರೆ ಹಾಡುವವರಿಗೆ ಆ ನುಡಿಸಾಣಿಕೆ ಬಂದು ಮುಟ್ಟುವುದು ಹೋಗಿ ಬರುವ ಎರಡೂ ತಡಗಳು ಕೂಡಿದ ಮೇಲೆ, ಅಂದರೆ 200 ಮಿಲಿಸೆಕೆಂಡಿಗೂ ಹೆಚ್ಚು ಹಿಂದೆ. ಅದನ್ನು ಕೇಳಿಕೊಂಡು ಹಾಡಿದರೆ ಲಯ ಹಾಳಾಗುತ್ತದೆ. ಹಾಗಾಗಿ ಅವರು ಮೃದಂಗದ ದನಿಯನ್ನು ಮುಚ್ಚಿಬಿಟ್ಟು ಹಾಡುತ್ತಾರೆ. ಒಬ್ಬರು ಮುಂದೆ, ಉಳಿದವರು ಹಿಂದೆ ಎಂಬ ಈ ವ್ಯವಸ್ಥೆ ಭಜನೆಗೆ, ದೇವರನಾಮಗಳ ಗೋಷ್ಠಿಗಾನಕ್ಕೆ ಸಾಕು. ಕೋವಿಡ್ ಲಾಕ್‌ಡೌನಿನ ದಿನಗಳಲ್ಲಿ ಹೊರದೇಶದ ಕನ್ನಡ ಕೂಟಗಳು ದಾಸರ ಪದಗಳನ್ನು ಹಾಡಿದ್ದು ಹೀಗೆ. ಒಬ್ಬರ ಮೈಕ್ ತೆರೆದಿರುತ್ತಿತ್ತು, ಉಳಿದವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ದನಿಗೂಡಿಸುತ್ತಿದ್ದರು. ಪರಸ್ಪರ ಕೇಳಿಸದಿದ್ದರೂ ಸತ್ಸಂಗದ ತೃಪ್ತಿ ಅವರಿಗೆ ಸಿಕ್ಕಿತ್ತು ಎನ್ನುವುದನ್ನು ಅಲ್ಲಗಳೆಯಬಾರದು.

ಕಛೇರಿಗೆ ಮಾತ್ರ ಅದು ಸಾಲದು. ನೆರವಲ್‌ನಲ್ಲಿ ಗಾಯಕರು ಒಂದು ಸಾಲನ್ನು ಹೊಸದಾಗಿ ತಿರುಗಿಸಿದಾಗ ಮೃದಂಗದವರು ಕೊಡುವ ಒಂದು ಗುಮುಕಿ ಮುಂದಿನ ಸಾಲಿನ ದಿಕ್ಕನ್ನು ಬದಲಿಸುತ್ತದೆ. ಸ್ವರಪ್ರಸ್ತಾರದ ಲೆಕ್ಕಾಚಾರ ಎತ್ತುಗಡೆಗೆ ಬಂದು ನಿಲ್ಲುವ ಮುನ್ನ ಇಬ್ಬರ ಕಣ್ಣು ಸೇರುತ್ತದೆ. ತನಿ ಆವರ್ತನದಲ್ಲಿ ಮೃದಂಗ ಘಟಗಳು ಎರಡಾವರ್ತ, ಒಂದಾವರ್ತ, ಅರ್ಧ, ಕಾಲು ಎಂದು ಕಿರಿದಾಗಿಸಿಕೊಳ್ಳುತ್ತ ಹೋಗುವ ಕೊರಪ್ಪಿನಲ್ಲಿ ಪ್ರತಿ ಕೈಬದಲಿಗೂ ತಡ ಒಮ್ಮೆ ಕಚ್ಚುತ್ತದೆ. ಪದಗುಚ್ಛ ಚಿಕ್ಕದಾದಷ್ಟೂ ಅದರ ಕಚ್ಚು ದೊಡ್ಡದು. ಖಂಡಗಳಾಚೆಗೆ ನಿಜವಾದ ಮನೋಧರ್ಮದ ಸಂವಾದ ಇಂದಿಗೂ ಸಾಧ್ಯವಾಗಿಲ್ಲ. ಬೆಳಕಿನ ವೇಗ ಹೀಗೇ ಇರುವವರೆಗೆ ಸಾಧ್ಯವಾಗುವಂತೆಯೂ ಇಲ್ಲ. ಮುಂದಿನ ಪೀಳಿಗೆಯ ಮೊಬೈಲ್ ಜಾಲಗಳು ಇದನ್ನು ನೀಗಿಸುತ್ತವೆ ಎಂಬ ಜಾಹೀರಾತುಗಳನ್ನು ನಂಬಬೇಕಾಗಿಲ್ಲ. 2022ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದ 5ಜಿ ಕೂಡ ಮನೆಯಿಂದ ಗೋಪುರದವರೆಗಿನ ತಡವನ್ನಷ್ಟೇ ಇಳಿಸಬಲ್ಲದು.

ಟ್ರ್ಯಾಕ್ ಕಳಿಸಿ ಕಟ್ಟುವ ಸಂಗೀತ

ಒಂದೇ ಹೊತ್ತಿನಲ್ಲಿ ನುಡಿಸುವ ಹಟ ಬಿಟ್ಟರೆ ದೂರ ಅಡ್ಡಿಯೇ ಅಲ್ಲ. ಕನ್ನಡ ಚಿತ್ರಗೀತೆಗಳು ದಶಕಗಳ ಕಾಲ ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲಿ ಮುದ್ರಣವಾದವು. ಸಂಗೀತ ನಿರ್ದೇಶಕ, ಕವಿ, ಗಾಯಕರು ಅಲ್ಲಿಗೇ ಹೋಗಬೇಕಿತ್ತು. ಇಡೀ ವಾದ್ಯವೃಂದದೊಂದಿಗೆ ಯುಗಳಗೀತೆಯ ಇಬ್ಬರೂ ಮೈಕಿನ ಮುಂದೆ ನಿಲ್ಲುತ್ತಿದ್ದರು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕಿತ್ತು. ಬೆಂಗಳೂರಿನಲ್ಲೇ ಮುದ್ರಣವಾಗಲೆಂದು ಶಂಕರ್ ನಾಗ್ ಸಂಕೇತ್ ಸ್ಟುಡಿಯೊ ಕಟ್ಟಿದರು. ಬಹುಟ್ರ್ಯಾಕ್ ಮುದ್ರಣ ಬಂದ ಮೇಲೆ ಇಬ್ಬರು ಬೇರೆ ಬೇರೆ ದಿನ ಹಾಡಬಹುದಾಯಿತು. ಇಂಟರ್ನೆಟ್ ಬಂದ ಮೇಲೆ ಬೇರೆ ಬೇರೆ ಊರುಗಳಿಂದಲೂ ಹಾಡುವಂತಾಯಿತು.

ಹೊರನಾಡಿನಲ್ಲಿ ಈ ಮಾರ್ಗದ ಮೈಲಿಗಲ್ಲು ಫ್ರ್ಯಾಂಕ್ ಸಿನಾತ್ರ ಅವರ 1993ರ ‘ಡ್ಯುಯೆಟ್ಸ್’. ಸಿನಾತ್ರ ಲಾಸ್ ಏಂಜಲೀಸಿನಲ್ಲಿ ಹಾಡಿದರೆ ಜೊತೆಗಾರರಲ್ಲಿ ಹಲವರು ಬೇರೆ ಊರುಗಳ ಸ್ಟುಡಿಯೊಗಳಿಂದ ಡಿಜಿಟಲ್ ತಂತಿಯ ಮೂಲಕ ತಮ್ಮ ದನಿ ಸೇರಿಸಿದರು. 2003ರ ‘ಗಿವ್ ಅಪ್’ ಎಂಬ ಆಲ್ಬಮ್ಮಿನ ಇಬ್ಬರು ಕಲಾವಿದರು ಸಿಯಾಟಲ್ ಮತ್ತು ಲಾಸ್ ಏಂಜಲೀಸಿನ ನಡುವೆ ಅಂಚೆಯಲ್ಲೇ ಮುದ್ರಿಕೆಗಳನ್ನು ಕಳಿಸಿಕೊಂಡರು, ತಂಡಕ್ಕೂ ‘ದ ಪೋಸ್ಟಲ್ ಸರ್ವಿಸ್’ ಎಂದೇ ಹೆಸರಿಟ್ಟರು. ಎರಿಕ್ ವಿಟಾಕರ್ ಅವರ ‘ವರ್ಚುವಲ್ ಕಾಯರ್’ 2010ರಲ್ಲಿ 12 ದೇಶಗಳ 185 ಗಾಯಕರಿಂದ ಶುರುವಾಗಿ 2020ರ ಹೊತ್ತಿಗೆ 129 ದೇಶಗಳ 17,572 ದನಿಗಳಿಗೆ ಬೆಳೆಯಿತು. ಪ್ರತಿಯೊಬ್ಬರೂ ಮನೆಯಲ್ಲಿ ಒಂಟಿಯಾಗಿ ಹಾಡಿದ್ದನ್ನು ಸಂಕಲನಕಾರರು ಒಂದಾಗಿಸಿದರು.

ಬೆಂಗಳೂರಿನ ರಿಕ್ಕಿ ಕೇಜ್ ಮತ್ತು ‘ದ ಪೊಲೀಸ್’ ತಂಡದ ಡ್ರಮ್ ವಾದಕರಾಗಿದ್ದ ಅಮೆರಿಕದ ಸ್ಟೂವರ್ಟ್ ಕೋಪ್‌ಲ್ಯಾಂಡ್ ಕೋವಿಡ್ ಕಾಲದಲ್ಲಿ ತಂತಮ್ಮ ಊರುಗಳಲ್ಲೇ ಇದ್ದು ‘ಡಿವೈನ್ ಟೈಡ್ಸ್’ ರೂಪಿಸಿದರು. ಅದಕ್ಕೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್, ಶಂಕರ್ ಮಹಾದೇವನ್, ವಿ. ಸೆಲ್ವಗಣೇಶ್, ಗಣೇಶ್ ರಾಜಗೋಪಾಲನ್ ಅವರ ಶಕ್ತಿ ತಂಡದ 2023ರ ‘ದಿಸ್ ಮೊಮೆಂಟ್’ ಕೂಡ ಕಡತಗಳ ವಿನಿಮಯದಿಂದಲೇ ಮೂಡಿ 2024ರಲ್ಲಿ ಗ್ರ್ಯಾಮಿ ಪಡೆಯಿತು. ದಶಕಗಳ ಕಾಲ ವೇದಿಕೆ ಹಂಚಿಕೊಂಡವರಿಗೆ ಜೊತೆಗಾರ ಎಲ್ಲಿ ಉಸಿರು ತೆಗೆಯುತ್ತಾನೆ, ಎಲ್ಲಿ ಮುಕ್ತಾಯ ತರುತ್ತಾನೆ ಎಂಬುದು ಎದುರಿಗಿಲ್ಲದಿದ್ದಾಗಲೂ ಗೊತ್ತಿರುತ್ತದೆ. ದೂರದಿಂದ ಕಟ್ಟಿದ ಒಳ್ಳೆಯ ಸಂಗೀತದ ಹಿಂದೆ ಬಹಳ ಸಲ ಹತ್ತಿರದಲ್ಲಿ ಕಳೆದ ವರ್ಷಗಳಿರುತ್ತವೆ.

ಈ ಕೆಲಸದ ವಿಧಾನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಸಂಯೋಜಕರು ಶ್ರುತಿ, ನಡೆ ಗೊತ್ತುಮಾಡಿ ಲಯ ತೋರುವ ಕ್ಲಿಕ್ ಸದ್ದು ಇರುವ ಒಂದು ಕಚ್ಚಾ ಟ್ರ್ಯಾಕ್ ಕಳಿಸುತ್ತಾರೆ. ವಾದಕರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ತಮ್ಮ ಪಾಲನ್ನು ಮುದ್ರಿಸಿ, ಹಾಡಿನ ಸೊನ್ನೆಯ ಬಿಂದುವಿನಿಂದಲೇ ಶುರುವಾಗುವ ವೇವ್ ಕಡತವಾಗಿ ಮರಳಿಸುತ್ತಾರೆ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್; ಐದು ನಿಮಿಷದ ಹಾಡಿನ 30 ಟ್ರ್ಯಾಕುಗಳಿಗೆ 1.3 ಗಿಗಾಬೈಟ್. ವಾಟ್ಸ್ಆ್ಯಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಿದರೆ ಸದ್ದು ಕುಗ್ಗಿಹೋಗುತ್ತದೆ. ರಾಗದ ಹೊಳಹನ್ನು ಹಂಚಿಕೊಳ್ಳಲು ಅದು ಸರಿ, ಮಿಕ್ಸಿಂಗಿಗೆ ಸಲ್ಲದು.

ಕ್ಲಿಕ್ಕಿಗೆ ಕಟ್ಟುಬಿದ್ದ ಸಂಗೀತದಲ್ಲಿ ಕಳೆದುಹೋಗುವುದೂ ಇದೆ. ಪಲ್ಲವಿಯ ಹೊತ್ತಿಗೆ ನಡೆ ಕೂದಲೆಳೆಯಷ್ಟು ಬಿಗಿಯುವುದು, ಭಾವದ ಭಾರಕ್ಕೆ ಚರಣದಲ್ಲಿ ತುಸು ತಗ್ಗುವುದು ಜೀವಂತ ಮೇಳದ ಲಕ್ಷಣ. ಎಲ್ಲರೂ ಒಂದೇ ಯಂತ್ರಕ್ಕೆ ಹೊಂದಿ ನುಡಿಸಿದಾಗ ತಪ್ಪು ಇರುವುದಿಲ್ಲ, ಆ ಏರಿಳಿತವೂ ಉಳಿಯುವುದಿಲ್ಲ. ಅನುಭವಿ ಸಂಯೋಜಕರು ಗಾಯಕರಿಂದ ಬರಿಯ ತಂಬೂರಿಯ ಮೇಲೆ ಮೊದಲು ಹಾಡಿಸಿ, ಆ ನಡೆಗೇ ಉಳಿದವರನ್ನು ಹೊಂದಿಸುತ್ತಾರೆ. ಇದಕ್ಕೆ ಹೊತ್ತು ಹೆಚ್ಚು ಹಿಡಿದರೂ ಫಲ ಕಿವಿಗೆ ಗೊತ್ತಾಗುತ್ತದೆ.

ದೂರದ ಗುರು

ಕಲಿಕೆಯೇ ಈ ತಂತ್ರಜ್ಞಾನದ ದೊಡ್ಡ ಗೆಲುವು. ಪಿಟೀಲು ವಾದಕ ಪಿಂಕಾಸ್ ಜುಕರ್‌ಮನ್ 1990ರ ದಶಕದಲ್ಲೇ ನ್ಯೂಯಾರ್ಕಿನ ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನ ವಿದ್ಯಾರ್ಥಿಗಳಿಗೆ ವಿಡಿಯೊ ಮೂಲಕ ಪಾಠ ಹೇಳತೊಡಗಿದರು. ಸ್ಕೈಪ್ ಬಂದ ಮೇಲೆ ಬೆಂಗಳೂರು, ಮೈಸೂರು, ಚೆನ್ನೈಗಳ ವಿದ್ವಾಂಸರು ಅಮೆರಿಕ, ಯುರೋಪ್, ಕೊಲ್ಲಿ ದೇಶಗಳ ಮಕ್ಕಳಿಗೆ ಗುರುಗಳಾದರು. ಶಂಕರ್ ಮಹಾದೇವನ್ ಅಕಾಡೆಮಿ 2010ರ ದಶಕದ ಆರಂಭದಿಂದ ಇದನ್ನೇ ಸಂಸ್ಥೆಯ ಮಟ್ಟದಲ್ಲಿ ನಡೆಸಿದೆ. ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿಯ ನಸುಕಿನ ಪಾಠ ಅಲ್ಲಿಯ ಸಂಜೆಯದು. ನಮ್ಮ ಪಾಠಕ್ರಮ ಗುರು ಹಾಡಿದ ಮೇಲೆ ಶಿಷ್ಯ ಹಾಡುವುದಾದ್ದರಿಂದ ತಡ ಅಷ್ಟಾಗಿ ಬಾಧಿಸುವುದಿಲ್ಲ. ಗುರು ಜೊತೆಯಲ್ಲೇ ಹಾಡುತ್ತ, ಶಿಷ್ಯನ ಶ್ರುತಿ ಜಾರಿದಾಗ ತನ್ನ ದನಿಯಿಂದಲೇ ಹಿಡಿದೆತ್ತುವ ಆ ಸೂಕ್ಷ್ಮವಾದ ಭಾಗ ಮಾತ್ರ ಪರದೆಯ ಮೇಲೆ ನಡೆಯದು. ವೀಣೆಯಲ್ಲಿ ಎಡಗೈ ಬೆರಳಿನ ಒತ್ತಡ, ಮೃದಂಗದ ಬಲಂತಲೆಯಲ್ಲಿ ಕೈ ಕೂರುವ ಕೋನ ಇವನ್ನೂ ಒಂದೇ ಕ್ಯಾಮೆರಾ ಪೂರ್ತಿ ತೋರಿಸಲಾರದು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಗುರುಗಳ ಎದುರು ಕೂತು ತಿದ್ದಿಸಿಕೊಳ್ಳುವ ಮಕ್ಕಳು ಬೇಗ ಮುಂದೆ ಬರುತ್ತಾರೆ.

ಹಕ್ಕು ಮತ್ತು ಸಂಭಾವನೆ

ಮುಖ ನೋಡದೆ ನಡೆಯುವ ವ್ಯವಹಾರದಲ್ಲಿ ವಾದಕರ ಹಿತ ಮೊದಲು ಪೆಟ್ಟು ತಿನ್ನುತ್ತದೆ. 2012ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಕಾಯಿದೆ ಗೀತಕಾರರು ಮತ್ತು ಸಂಯೋಜಕರ ರಾಯಲ್ಟಿ ಹಕ್ಕನ್ನು ಗಟ್ಟಿಗೊಳಿಸಿತು, ಪ್ರದರ್ಶಕ ಕಲಾವಿದರ ಹಕ್ಕುಗಳನ್ನೂ ವಿಸ್ತರಿಸಿತು. ಆದರೂ ಒಂದು ಕೊಳಲಿನ ಟ್ರ್ಯಾಕನ್ನು ಇಂತಿಷ್ಟು ಹಣಕ್ಕೆ ಮುದ್ರಿಸಿ ಕಳಿಸಿದವರ ಹೆಸರು ಹಾಡಿನ ವಿವರಗಳಲ್ಲಿ ಬಾರದಿರುವುದು, ಅದೇ ತುಣುಕನ್ನು ಅವರ ಒಪ್ಪಿಗೆ ಕೇಳದೆ ಬೇರೊಂದು ಹಾಡಿನಲ್ಲಿ ಬಳಸುವುದು ಸಾಮಾನ್ಯವಾಗಿದೆ. ಕಡತ ಕಳಿಸುವ ಮುನ್ನ ಹೆಸರು, ಬಳಕೆ, ಹಣ ಮೂರನ್ನೂ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು, ಅದು ಇಮೇಲಿನ ನಾಲ್ಕು ಸಾಲಾದರೂ ಸರಿ.

ಕರ್ನಾಟಕದೊಳಗಿನ ಅವಕಾಶ

ಮೇಲಿನ ಲೆಕ್ಕಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಂಗಳೂರಿಗೂ ಅಮೆರಿಕಕ್ಕೂ ನಡುವೆ ಆಗದ್ದು ಮೈಸೂರಿಗೂ ಧಾರವಾಡಕ್ಕೂ ನಡುವೆ ಆಗಬಲ್ಲದು. ಸುಮಾರು 500 ಕಿ.ಮೀ. ದಾರಿಗೆ ತಂತುವಿನಲ್ಲಿ ಎರಡೂವರೆ ಮಿಲಿಸೆಕೆಂಡ್ ಸಾಕು. ಒಳ್ಳೆಯ ಸೌಂಡ್ ಕಾರ್ಡ್, ತಂತಿಯ ಸಂಪರ್ಕ, ತಂತಿಯ ಹೆಡ್‌ಫೋನ್ ಇದ್ದರೆ ಒಟ್ಟು ತಡವನ್ನು ಮನುಷ್ಯರು ತಾಳಬಲ್ಲ 25 ಮಿಲಿಸೆಕೆಂಡಿನೊಳಗೆ ಇಡಬಹುದು. ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ತ್ರಿಯೆಸ್ತೆಯವರು ಬಳಸಿದಂಥ ಸಂಶೋಧನಾ ಜಾಲ ನಮ್ಮಲ್ಲೂ ಇದೆ. ರಾಷ್ಟ್ರೀಯ ಜ್ಞಾನ ಜಾಲ ಹುಟ್ಟಿದ್ದೇ ವಿಶ್ವವಿದ್ಯಾಲಯಗಳನ್ನು ಬೆಸೆಯಲೆಂದು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವಿದೆ. ಕರ್ನಾಟಕ ಸಂಗೀತ ಬೇರೂರಿದ ಊರನ್ನೂ ಹಿಂದುಸ್ತಾನಿ ಬೇರೂರಿದ ಊರನ್ನೂ ಹೀಗೆ ಬೆಸೆದರೆ ಎರಡೂ ಪದ್ಧತಿಗಳ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಕೂಡಿ ನುಡಿಸಬಹುದು. ಪಕ್ಕವಾದ್ಯದವರು ಸಿಗದ ಸಣ್ಣ ಊರುಗಳ ಗಾಯಕರಿಗೂ ದಾರಿ ತೆರೆಯುತ್ತದೆ. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಮತ್ತು ಈ ಎರಡು ವಿಶ್ವವಿದ್ಯಾಲಯಗಳು ಸೇರಿ ಎರಡು ಕೋಣೆಗಳನ್ನು ಇದಕ್ಕಾಗಿ ಮೀಸಲಿಡಬೇಕು, ಒಬ್ಬ ಮೃದಂಗ ವಿದ್ವಾಂಸರು ಮತ್ತು ಒಬ್ಬ ಜಾಲತಂತ್ರಜ್ಞರನ್ನು ಒಟ್ಟಿಗೆ ಕೂರಿಸಿ ಕೆಲಸವನ್ನು ಈ ವರ್ಷವೇ ಆರಂಭಿಸಬೇಕು.